ಶಾಲೆ ಹೊಕ್ಕ ರಾಗ, ಶಾಲೆ ಹೊಕ್ಕ ರೇಖೆ: ಕೃಷ್ಣಾ ತೀರದ ಗಡಿನಾಡಿನಲ್ಲಿ ಸಂಗೀತ ಮತ್ತು ಚಿತ್ರಶಿಕ್ಷಣ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಹಾಡುವುದನ್ನೂ ಚಿತ್ರ ಬರೆಯುವುದನ್ನೂ ಕಲಿಸುವ ರೀತಿ 19ನೆಯ ಶತಮಾನದ ಕೊನೆಯ ದಶಕಗಳಿಂದ 20ನೆಯ ಶತಮಾನದ ನಡುವಿನ ಹೊತ್ತಿಗೆ ಪೂರ್ತಿ ಬದಲಾಯಿತು. ಅಲ್ಲಿಯವರೆಗೆ ಈ ಎರಡೂ ವಿದ್ಯೆಗಳು ಮನೆತನ, ಮಠ ಮತ್ತು ಸಂಸ್ಥಾನಿಕರ ಆಶ್ರಯದಲ್ಲಿ ಬಾಳಿದ್ದವು. ಇಂಗ್ಲಿಷರ ಆಳ್ವಿಕೆಯೊಂದಿಗೆ ಬಂದ ಶಾಲೆಗೆ ವರ್ಗ, ವೇಳಾಪಟ್ಟಿ, ಅಚ್ಚಾದ ಪುಸ್ತಕ, ಪರೀಕ್ಷೆ, ಸರ್ಟಿಫಿಕೇಟು ಇದ್ದವು. ಆ ಚೌಕಟ್ಟಿನೊಳಗೆ ಹೊಕ್ಕಾಗ ಸಂಗೀತಕ್ಕೆ ಆದದ್ದು ಒಂದು, ಚಿತ್ರಕಲೆಗೆ ಆದದ್ದು ಇನ್ನೊಂದು. ಸಂಗೀತದಲ್ಲಿ ಕಲಿಸುವ ಕ್ರಮ ಬದಲಾದರೂ ರಾಗ, ತಾಳ, ಬಂದಿಶುಗಳು ಉಳಿದವು. ಚಿತ್ರಕಲೆಯಲ್ಲಿ ಬರೆಯುವವನ ಕಣ್ಣೇ ಬದಲಾಗಿ, ಹಳೆಯ ಚಿತ್ರಗಾರರ ಪದ್ಧತಿ ಶಾಲೆಯ ಹೊರಗೆ ಉಳಿದುಹೋಯಿತು. ಈ ವ್ಯತ್ಯಾಸಕ್ಕೆ ಕಾರಣ ಶಾಲೆಗಳನ್ನು ಕಟ್ಟಿದವರು ಯಾರು ಎಂಬುದರಲ್ಲಿದೆ.

ಸೀಮೆ ಮತ್ತು ಅದರ ದಾರಿಗಳು

ಈ ಐದು ಊರುಗಳು ಇಂದು ಬೆಳಗಾವಿ ಜಿಲ್ಲೆಯಲ್ಲಿವೆ. ನಿಪ್ಪಾಣಿ ಮೊದಲು ಚಿಕ್ಕೋಡಿ ತಾಲೂಕಿನಲ್ಲಿ, ಕಾಗವಾಡ ಅಥಣಿ ತಾಲೂಕಿನಲ್ಲಿ ಇದ್ದವು. ಅವು ಬೇರೆ ತಾಲೂಕುಗಳಾದದ್ದು ಇತ್ತೀಚೆಗೆ. 19ನೆಯ ಶತಮಾನದಲ್ಲಿ ಇವುಗಳ ಒಡೆತನ ಹಂಚಿಹೋಗಿತ್ತು. ನಿಪ್ಪಾಣಿ ಸಿದ್ದೋಜಿರಾವ್ ನಿಂಬಾಳ್ಕರ ಎಂಬ ಮರಾಠಾ ಸರದಾರನ ಸಂಸ್ಥಾನವಾಗಿದ್ದು ಅವನ ಮರಣದ ನಂತರ ಕಂಪನಿ ಸರಕಾರದ ವಶವಾಯಿತು. ಕಾಗವಾಡ ಪಟವರ್ಧನ ಮನೆತನದ ಜಹಗೀರಾಗಿತ್ತು. ಅದೂ ವಾರಸುದಾರರಿಲ್ಲದೆ ಮುಂಬಯಿ ಸರಕಾರಕ್ಕೆ ಸೇರಿತು. ಚಿಕ್ಕೋಡಿ, ಅಥಣಿಗಳು ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯ ತಾಲೂಕುಗಳು. ರಾಯಬಾಗ ಮಾತ್ರ ಕೊಲ್ಹಾಪುರ ಸಂಸ್ಥಾನದ ಭಾಗವಾಗಿದ್ದು, 1949ರಲ್ಲಿ ಸಂಸ್ಥಾನ ವಿಲೀನವಾಗುವವರೆಗೂ ಹಾಗೆಯೇ ಇತ್ತು.

ಕಲೆಯ ದೃಷ್ಟಿಯಿಂದ ಈ ಸೀಮೆಯ ಪೇಟೆಗಳು ಮೂರು: ಮಿರಜ್, ಕೊಲ್ಹಾಪುರ, ಬೆಳಗಾವಿ. ಕಾಗವಾಡದವರಿಗೆ ಮಿರಜ್ ಮಗ್ಗುಲ ಊರು. ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ. 1880ರ ದಶಕದ ಕೊನೆಯಲ್ಲಿ ಸದರ್ನ್ ಮರಾಠಾ ರೈಲು ಮಿರಜಿನಿಂದ ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ದಾಟಿ ಬೆಳಗಾವಿಗೆ ಓಡತೊಡಗಿತು. ನಾಟಕ ಕಂಪನಿಗಳು, ಗವಾಯಿಗಳು, ಕೀರ್ತನಕಾರರು, ಪುಸ್ತಕಗಳು, ಹಾರ್ಮೋನಿಯಂ ಪೇಟಿಗಳು ಎಲ್ಲವೂ ಇದೇ ದಾರಿಯಲ್ಲಿ ಬಂದವು.

ಶಾಲೆಗಿಂತ ಮೊದಲು

ಇಲ್ಲಿನ ಸಂಗೀತಕ್ಕೆ ಎರಡು ನೆಲೆಗಳಿದ್ದವು. ಒಂದು ಊರಿನದು: ಭಜನೆ, ಕರಡಿ ಮಜಲು, ಚೌಡಿಕೆ, ಡಪ್ಪಿನ ಮೇಲೆ ಹಾಡುವ ಹರದೇಶಿ-ನಾಗೇಶಿ ಲಾವಣಿ, ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ಜನಪ್ರಿಯಗೊಳಿಸಿದ ಶ್ರೀಕೃಷ್ಣ ಪಾರಿಜಾತ. ಇನ್ನೊಂದು ದರಬಾರಿನದು. ವಿಜಾಪುರದ ಆದಿಲಶಾಹಿ ಆಡಳಿತ ಈ ಸೀಮೆಯನ್ನು ಸುಮಾರು ಎರಡು ಶತಮಾನ ಆಳಿತ್ತು. ಪಾರ್ಸಿ ಆಗ ದರಬಾರಿನ ಭಾಷೆ. ಎರಡನೆಯ ಇಬ್ರಾಹಿಂ ಆದಿಲಶಾಹ (ಆಳ್ವಿಕೆ 1580-1627) ಸ್ವತಃ ‘ಕಿತಾಬ್-ಎ-ನವರಸ್’ ಎಂಬ ಗೀತಸಂಗ್ರಹ ರಚಿಸಿದ. ಇರಾನಿನ ಕಡೆಯಿಂದ ಬಂದ ಫರೂಖ್ ಬೇಗ್‌ನಂಥ ಚಿತ್ರಕಾರರು ಅವನ ಆಶ್ರಯದಲ್ಲಿದ್ದರು. ಆದಿಲಶಾಹಿ ಅಳಿದ ಮೇಲೆ ಪಟವರ್ಧನ, ಘೋರ್ಪಡೆ, ಕೊಲ್ಹಾಪುರದ ಭೋಸಲೆ ಮನೆತನಗಳು ಗವಾಯಿಗಳನ್ನೂ ಕಲಾವಂತರನ್ನೂ ಪೋಷಿಸಿದವು.

ದರಬಾರಿ ಸಂಗೀತ ಕಲಿಯುವುದೆಂದರೆ ಗುರುವಿನ ಮನೆ ಸೇರುವುದು. ಶಿಷ್ಯನಿಗೆ ಗಂಡಾ (ಗುರುದೀಕ್ಷೆಯ ದಾರ) ಕಟ್ಟಿದ ಮೇಲೆ ನೀರು ತರುವುದು, ಹುಕ್ಕಾ ತುಂಬುವುದು, ಗುರುವಿನ ಹಿಂದೆ ತಂಬೂರಿ ಹಿಡಿದು ಕೂರುವುದು. ವರ್ಷಗಟ್ಟಲೆ ಕೇಳಿದ ಮೇಲೆ ತಾಲೀಮು. ಚೀಜುಗಳನ್ನು, ಅಂದರೆ ಬಂದಿಶುಗಳನ್ನು, ಬರೆದುಕೊಳ್ಳುವುದು ನಿಷಿದ್ಧ, ಅವು ಮನೆತನದ ಆಸ್ತಿ. ಯಾವ ಶಿಷ್ಯನಿಗೆ ಎಷ್ಟು ಹೇಳಿಕೊಡಬೇಕು ಎಂಬುದು ಉಸ್ತಾದರ ಮರ್ಜಿ.

ಚಿತ್ರ ಬರೆಯುವ ಕೆಲಸ ಚಿತ್ರಗಾರ, ಜೀನಗಾರ ಮನೆತನಗಳ ಕಸುಬು. ಗುಡಿಯ ಪಲ್ಲಕ್ಕಿ, ತೇರಿನ ಗೊಂಬೆ, ವಾಡೆಯ ಗೋಡೆ, ಬಾಗಿಲವಾಡ, ಗಣಪತಿಯ ಮೂರ್ತಿ ಇವರ ಕೈಯಲ್ಲಿದ್ದವು. ಮಣ್ಣು ಮತ್ತು ಕಲ್ಲಿನಿಂದ ಅರೆದ ಬಣ್ಣಕ್ಕೆ ಅಂಟು ಕೂಡಿಸುತ್ತಿದ್ದರು. ಗೆರೆ ಮೊದಲು, ಬಣ್ಣ ಆಮೇಲೆ. ದೇವರು ದೊಡ್ಡವನು, ಭಕ್ತ ಸಣ್ಣವನು. ದೂರ-ಹತ್ತಿರದ ಲೆಕ್ಕ ಅಲ್ಲಿರಲಿಲ್ಲ, ನೆರಳಿನ ಲೆಕ್ಕವೂ ಇರಲಿಲ್ಲ. ಮಗ ತಂದೆಯ ಬಳಿ ಬಣ್ಣ ಅರೆಯುವುದರಿಂದ ಕಲಿಕೆ ಆರಂಭಿಸುತ್ತಿದ್ದ.

ಕುರುಂದವಾಡದಿಂದ ಲಾಹೋರಕ್ಕೆ

ಸಂಗೀತವನ್ನು ಶಾಲೆಗೆ ತಂದ ಮುಖ್ಯ ವ್ಯಕ್ತಿ ಈ ಸೀಮೆಯ ನೆರೆಯವರೇ. ವಿಷ್ಣು ದಿಗಂಬರ ಪಲೂಸ್ಕರ 1872ರ ಆಗಸ್ಟ್ 18ರಂದು ಕುರುಂದವಾಡದಲ್ಲಿ ಹುಟ್ಟಿದರು. ಕೃಷ್ಣಾ-ಪಂಚಗಂಗಾ ಸಂಗಮದ ನರಸೋಬವಾಡಿಗೆ ಹತ್ತಿರದ ಆ ಊರು ಚಿಕ್ಕೋಡಿ ಸೀಮೆಗೆ ತಾಗಿದ ಪಟವರ್ಧನ ಸಂಸ್ಥಾನದ ರಾಜಧಾನಿ. ತಂದೆ ಕೀರ್ತನಕಾರರು. ಪಟಾಕಿ ಸಿಡಿದು ಹುಡುಗನ ಕಣ್ಣು ಹಾಳಾಯಿತು; ಶಾಲೆಯ ಓದು ನಿಂತಿತು. ಚಿಕಿತ್ಸೆಗೆಂದು ಮಿರಜಿಗೆ ಬಂದವರನ್ನು ಅಲ್ಲಿನ ಸಂಸ್ಥಾನಿಕರ ನೆರವಿನಿಂದ ಬಾಲಕೃಷ್ಣಬುವಾ ಇಚಲಕರಂಜೀಕರರ (1849-1926) ಬಳಿ ಸಂಗೀತಕ್ಕೆ ಹಚ್ಚಲಾಯಿತು.

ಗ್ವಾಲಿಯರ್ ಘರಾಣೆಯ ಖ್ಯಾಲ್ ಗಾಯನವನ್ನು ದಕ್ಷಿಣಕ್ಕೆ ತಂದವರು ಈ ಬಾಲಕೃಷ್ಣಬುವಾ. ಇವರು ಕಲಿತದ್ದು ಹಳೆಯ ಕ್ರಮದಲ್ಲಿ, ಗುರುಸೇವೆ ಮಾಡಿ; ಕಲಿಸಿದ್ದೂ ಹಾಗೆಯೇ. ಶಿಷ್ಯ ಪಲೂಸ್ಕರರು ಮಾತ್ರ 1896ರಲ್ಲಿ ಮಿರಜ್ ಬಿಟ್ಟು ಉತ್ತರಕ್ಕೆ ಹೊರಟು 1901ರ ಮೇ 5ರಂದು ಲಾಹೋರದಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ರಾಜರ ಕೃಪೆಗಿಂತ ಜನರ ವಂತಿಗೆ ಮತ್ತು ಕಚೇರಿಯ ಟಿಕೇಟಿನ ಹಣದ ಮೇಲೆ ಅದು ನಿಂತಿತು. 1908ರಲ್ಲಿ ಮುಂಬಯಿಯ ಶಾಖೆ ಆರಂಭವಾಯಿತು.

ಇಂಗ್ಲಿಷ್ ಶಾಲೆಯಿಂದ ಪಲೂಸ್ಕರರು ತೆಗೆದುಕೊಂಡದ್ದು ಚೌಕಟ್ಟು. ಒಂದೇ ವರ್ಗದಲ್ಲಿ ಹಲವರು ಕೂತು ಒಂದೇ ಪಾಠ ಕಲಿಯುವುದು, ವರ್ಷಕ್ಕಿಷ್ಟು ರಾಗ ಎಂಬ ಪಠ್ಯಕ್ರಮ, ಸ್ವರಲಿಪಿಯಲ್ಲಿ ಬರೆದು ಅಚ್ಚು ಹಾಕಿಸಿದ ಪುಸ್ತಕ, ಕೊನೆಗೆ ಪರೀಕ್ಷೆ ಮತ್ತು ಪದವಿ. ಇದರೊಂದಿಗೆ ‘ಉಪದೇಶಕ’ ವರ್ಗ ಎಂಬ ಹಳೆಯ ವ್ಯವಸ್ಥೆಯ ಹೊಸ ರೂಪವನ್ನೂ ಇಟ್ಟರು. ಆ ವರ್ಗದ ಹುಡುಗರು ಒಂಬತ್ತು ವರ್ಷ ಗುರುವಿನ ಜೊತೆಯಲ್ಲೇ ಇದ್ದು ಕಲಿತು, ಆಮೇಲೆ ತಾವೂ ಶಾಲೆ ತೆರೆಯಬೇಕು. ಓಂಕಾರನಾಥ ಠಾಕೂರ, ಮಿರಜಿನ ವಿನಾಯಕರಾವ್ ಪಟವರ್ಧನ, ಕೊಲ್ಹಾಪುರದ ನಾರಾಯಣರಾವ್ ವ್ಯಾಸ, ಮಿರಜಿನ ಬಿ.ಆರ್. ದೇವಧರ ಮೊದಲಾದವರು ಪಲೂಸ್ಕರರ ಶಿಷ್ಯರು.

ಇದೇ ಹೊತ್ತಿಗೆ ಮುಂಬಯಿಯ ವಕೀಲ ವಿಷ್ಣು ನಾರಾಯಣ ಭಾತಖಂಡೆ (1860-1936) ಇನ್ನೊಂದು ದಾರಿ ಹಿಡಿದಿದ್ದರು. ಊರೂರು ಸುತ್ತಿ ಉಸ್ತಾದರಿಂದ ಬಂದಿಶುಗಳನ್ನು ಸಂಗ್ರಹಿಸಿ, ರಾಗಗಳನ್ನು ಹತ್ತು ಥಾಟುಗಳಲ್ಲಿ ವಿಂಗಡಿಸಿ, ಸರಳವಾದ ಸ್ವರಲಿಪಿಯಲ್ಲಿ ‘ಕ್ರಮಿಕ ಪುಸ್ತಕ ಮಾಲಿಕಾ’ ಎಂಬ ಹೆಸರಿನಲ್ಲಿ ಆರು ಭಾಗ ಪ್ರಕಟಿಸಿದರು. ಇವರ ಯತ್ನದಿಂದ 1916ರಲ್ಲಿ ಬರೋಡಾದಲ್ಲಿ ಮೊದಲ ಅಖಿಲ ಭಾರತ ಸಂಗೀತ ಪರಿಷತ್ತು ಸೇರಿತು, 1926ರಲ್ಲಿ ಲಖನೌದ ಮ್ಯಾರಿಸ್ ಕಾಲೇಜು ಆರಂಭವಾಯಿತು. ಇಬ್ಬರಿಗಿಂತಲೂ ಮೊದಲೇ ಬರೋಡಾದಲ್ಲಿ ಮೌಲಾಬಕ್ಷ ಎಂಬ ಗವಾಯಿ 1886ರಲ್ಲಿ ಗಾಯನಶಾಲೆ ತೆರೆದಿದ್ದರು.

ಪಲೂಸ್ಕರರು 1931ರ ಆಗಸ್ಟ್ 21ರಂದು ಮಿರಜಿನಲ್ಲಿ ತೀರಿಕೊಂಡರು. ಅದೇ ವರ್ಷ ಅವರ ಶಿಷ್ಯರು ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲ ಸ್ಥಾಪಿಸಿದರು. ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ, ವಿಶಾರದ, ಅಲಂಕಾರ ಎಂಬ ಮೆಟ್ಟಿಲುಗಳ ಅದರ ಪರೀಕ್ಷೆಗಳ ಕಾರ್ಯಾಲಯ ಮಿರಜಿನಲ್ಲೇ ನೆಲೆಗೊಂಡಿತು. ಹೀಗೆ ಕಾಗವಾಡ, ಅಥಣಿ, ಚಿಕ್ಕೋಡಿಯ ಹುಡುಗ ಹುಡುಗಿಯರಿಗೆ ದೇಶದ ದೊಡ್ಡ ಸಂಗೀತ ಪರೀಕ್ಷೆ ಮನೆಬಾಗಿಲಿನ ಸಂಗತಿಯಾಯಿತು. ಊರಿನ ಸಂಗೀತ ಮಾಸ್ತರ ಸಂಜೆ ವರ್ಗ ನಡೆಸಿ, ವರ್ಷಕ್ಕೊಮ್ಮೆ ಮಕ್ಕಳನ್ನು ಪರೀಕ್ಷೆಗೆ ಕೂರಿಸುವ ರೂಢಿ ಇದರಿಂದ ಬಂತು.

ಸರಕಾರಿ ಶಿಕ್ಷಣವೂ ಸಂಗೀತಕ್ಕೆ ಸ್ವಲ್ಪ ಜಾಗ ಕೊಟ್ಟಿತು. ಕನ್ನಡ ಶಾಲೆಗಳಿಗೆ ಮಾಸ್ತರರನ್ನು ತಯಾರು ಮಾಡುತ್ತಿದ್ದ ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಭಾಸ್ಕರಬುವಾ ಬಖಲೆ (1869-1922) ಕೆಲವು ವರ್ಷ ಸಂಗೀತ ಕಲಿಸಿದರು. ಮೂರು ಘರಾಣೆಗಳ ತಾಲೀಮು ಪಡೆದ ಗವಾಯಿ ಶಾಲಾ ಮಾಸ್ತರರಿಗೆ ಪಾಠ ಹೇಳುವುದು ಹೊಸ ಕಾಲದ ಗುರುತು.

ಅಬ್ದುಲ್ ಕರೀಂ ಖಾನ್ ಮತ್ತು ಶ್ರುತಿಯ ಅಳತೆ

ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ (1872-1937) ಉತ್ತರ ಭಾರತದವರಾದರೂ ಮಿರಜಿನಲ್ಲಿ ನೆಲೆಸಿದರು. 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದರು. ವಿದ್ಯಾರ್ಥಿಗಳು ಅಲ್ಲೇ ಉಂಡು, ಅಲ್ಲೇ ಮಲಗಿ ಕಲಿಯುತ್ತಿದ್ದರು. ಹೆಸರು ಶಾಲೆ, ನಡೆ ಗುರುಕುಲ. ಕುಂದಗೋಳದ ಸವಾಯಿ ಗಂಧರ್ವರ ಮೂಲಕ ಇವರ ಗಾಯಕಿ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರವರೆಗೆ ಹರಿದು ಬಂತು. ಖಾನಸಾಹೇಬರ ಸಮಾಧಿ ಮಿರಜಿನ ಖ್ವಾಜಾ ಶಮ್ನಾ ಮೀರಾ ದರ್ಗಾದ ಆವರಣದಲ್ಲಿದೆ.

ಪಾಶ್ಚಾತ್ಯ ವಿಜ್ಞಾನ ಶಿಕ್ಷಣ ಸಂಗೀತದ ಒಡಲನ್ನೇ ಮುಟ್ಟಲು ನೋಡಿದ ಒಂದು ಪ್ರಸಂಗದಲ್ಲೂ ಖಾನಸಾಹೇಬರ ಪಾತ್ರವಿದೆ. ಸಾಂಗ್ಲಿಯ ನಿವೃತ್ತ ಡೆಪ್ಯುಟಿ ಕಲೆಕ್ಟರ್ ಕೃಷ್ಣಾಜಿ ಬಲ್ಲಾಳ ದೇವಲ್ ತಂತಿಯ ಉದ್ದ ಮತ್ತು ಕಂಪನದ ಲೆಕ್ಕದಿಂದ ಸಪ್ತಕದ 22 ಶ್ರುತಿಗಳನ್ನು (ಸೂಕ್ಷ್ಮ ಸ್ವರಗಳನ್ನು) ಅಳೆಯಲು ಹೊರಟರು. 1910ರಲ್ಲಿ ಈ ಕುರಿತು ಇಂಗ್ಲಿಷ್ ಪುಸ್ತಕ ಹೊರಬಂತು. ಅಳತೆಗೆ ದನಿ ಕೊಟ್ಟವರಲ್ಲಿ ಅಬ್ದುಲ್ ಕರೀಂ ಖಾನರು ಮುಖ್ಯರು. ಐ.ಸಿ.ಎಸ್. ಅಧಿಕಾರಿ ಅರ್ನೆಸ್ಟ್ ಕ್ಲೆಮೆಂಟ್ಸ್ ಕೂಡ ಜೊತೆಗೂಡಿ, 22 ಶ್ರುತಿ ನುಡಿಸುವ ಹಾರ್ಮೋನಿಯಂ ಒಂದನ್ನು ಇಂಗ್ಲೆಂಡಿನಲ್ಲಿ ಮಾಡಿಸಲಾಯಿತು. ಬರೋಡಾ ಪರಿಷತ್ತಿನಲ್ಲಿ ಶ್ರುತಿಗಳ ಬಗ್ಗೆ ಜೋರು ಚರ್ಚೆ ನಡೆಯಿತಾದರೂ ಆ ವಾದ್ಯ ವಿದ್ವಾಂಸರ ಒಪ್ಪಿಗೆ ಗಳಿಸಲಿಲ್ಲ. ಗವಾಯಿಗಳು ಲೆಕ್ಕವನ್ನು ಕುತೂಹಲದಿಂದ ನೋಡಿದರು. ಹಾಡುವಾಗ ತಮ್ಮ ಕಿವಿಯನ್ನೇ ನಂಬಿದರು.

ಪೇಟಿಯ ಕಥೆ

ಯುರೋಪಿನಿಂದ ಬಂದು ಈ ಸೀಮೆಯಲ್ಲಿ ಮನೆಮಾಡಿದ ವಾದ್ಯ ಹಾರ್ಮೋನಿಯಂ. ಇಲ್ಲಿ ಅದರ ಹೆಸರು ಪೇಟಿ. ಮಿಶನರಿಗಳ ಪ್ರಾರ್ಥನಾಮಂದಿರದಲ್ಲಿ ಕಾಲಿನಿಂದ ಒತ್ತಿ ನುಡಿಸುತ್ತಿದ್ದ ವಾದ್ಯ ಕೈಯಿಂದ ಗಾಳಿ ಹಾಕುವ ಚಿಕ್ಕ ಪೆಟ್ಟಿಗೆಯಾಗಿ ನಾಟಕದ ರಂಗಕ್ಕೂ ಭಜನೆಯ ಪಡಸಾಲೆಗೂ ಬಂತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ (1843-1885) 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಆಡಿದ ಮೇಲೆ ಮರಾಠಿ ಸಂಗೀತ ನಾಟಕಗಳ ಅಲೆ ಎದ್ದಿತು. 1908ರಲ್ಲಿ ಕೇಶವರಾವ್ ಭೋಸಲೆ ಹುಬ್ಬಳ್ಳಿಯಲ್ಲಿ ಲಲಿತಕಲಾದರ್ಶ ಕಂಪನಿ ಕಟ್ಟಿದರು. ಕನ್ನಡ ಕಂಪನಿಗಳೂ ಅದೇ ಮಾದರಿ ಹಿಡಿದವು. ಪ್ರತಿ ಕಂಪನಿಗೂ ಒಬ್ಬ ಪೇಟಿ ಮಾಸ್ತರ ಬೇಕಾಯಿತು.

ಕಾಗವಾಡದ ರಾಮಭಾವು ವಿಜಾಪುರೆ (1917-2010) ಈ ಪರಂಪರೆಯ ಎತ್ತರದ ಹೆಸರು. ತಂದೆ ಕಲ್ಲೋಪಂತರು ಕನ್ನಡ ನಾಟಕಗಳ ರಚನೆ ಮತ್ತು ಸಂಗೀತದಲ್ಲಿ ತೊಡಗಿದ್ದವರು. ರಾಮಭಾವು ಅಣ್ಣಿಗೇರಿ ಮಲ್ಲಯ್ಯನವರ ಬಳಿ ಕಲಿಕೆ ಆರಂಭಿಸಿ, ಗಾಯನದಲ್ಲಿ ವಿಶಾರದ, ಹಾರ್ಮೋನಿಯಂನಲ್ಲಿ ಅಲಂಕಾರ ಪದವಿಗಳನ್ನು ಗಾಂಧರ್ವ ಮಂಡಲದಿಂದ ಪಡೆದರು. ಬೆಳಗಾವಿಯಲ್ಲಿ ಶ್ರೀರಾಮ ಸಂಗೀತ ಮಹಾವಿದ್ಯಾಲಯ ನಡೆಸಿ ಹಲವು ತಲೆಮಾರಿನ ವಿದ್ಯಾರ್ಥಿಗಳಿಗೆ ಕಲಿಸಿದರು. ನಾಟಕದ ಮನೆ, ಗುರುವಿನ ತಾಲೀಮು, ಮಿರಜಿನ ಪರೀಕ್ಷೆ, ಸ್ವಂತ ಶಾಲೆ, ಯುರೋಪಿನ ವಾದ್ಯ: ಈ ಸೀಮೆಯ ಸಂಗೀತ ಶಿಕ್ಷಣದ ಇಡೀ ಇತಿಹಾಸ ಅವರೊಬ್ಬರ ಬಾಳಿನಲ್ಲಿ ಅಡಕವಾಗಿದೆ.

ಪೇಟಿಗೆ ವಿರೋಧವೂ ಬಲವಾಗಿತ್ತು. ಅದರ ಸ್ವರಗಳು ಯುರೋಪಿನ ಸಮವಿಭಾಗದ ಲೆಕ್ಕಕ್ಕೆ ಕೂತಿವೆ, ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬರುವುದಿಲ್ಲ, ರಾಗದ ಸೂಕ್ಷ್ಮ ಕೆಡುತ್ತದೆ ಎಂಬುದು ಆಕ್ಷೇಪ. ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿತು; 1971ರಲ್ಲಿ ನಿಷೇಧ ಸಡಿಲಾಯಿತು. ರೇಡಿಯೋದಲ್ಲಿ ಇಲ್ಲದ ಮೂರು ದಶಕಗಳಲ್ಲೂ ಊರಿನ ಭಜನೆ, ಪಾರಿಜಾತ, ನಾಟಕಗಳಲ್ಲಿ ಪೇಟಿ ನಿಲ್ಲಲಿಲ್ಲ. ತಂಬೂರಿ, ಸಿತಾರಿನ ಮಾತು ಬೇರೆ. 19ನೆಯ ಶತಮಾನದ ನಡುವಿನಲ್ಲಿ ಮಿರಜಿನ ಫರೀದಸಾಹೇಬ ಶಿಕಲಗಾರ ಆರಂಭಿಸಿದ ತಂತಿವಾದ್ಯ ತಯಾರಿಕೆಯ ಕಸುಬು ಇಂದಿಗೂ ಆ ಮನೆತನಗಳಲ್ಲೇ ಕೈಯಿಂದ ಕೈಗೆ ಸಾಗುತ್ತಿದೆ. ಅದಕ್ಕೆ ಶಾಲೆಯೂ ಇಲ್ಲ, ಪರೀಕ್ಷೆಯೂ ಇಲ್ಲ. 2024ರಲ್ಲಿ ಮಿರಜಿನ ಸಿತಾರು ಮತ್ತು ತಂಬೂರಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು.

ಪರೀಕ್ಷೆ ಮಾಡಿದ್ದು, ಮಾಡಲಾಗದ್ದು

ಸಂಗೀತಶಾಲೆಯಿಂದ ಆದ ದೊಡ್ಡ ಬದಲಾವಣೆ ಸಾಮಾಜಿಕವಾದದ್ದು. ಗವಾಯಿಗಳ ಮನೆತನಕ್ಕೂ ಕಲಾವಂತ ಸ್ತ್ರೀಯರಿಗೂ ಸೀಮಿತವಾಗಿದ್ದ ವಿದ್ಯೆ ಮಾಸ್ತರರ, ಕಾರಕೂನರ, ವ್ಯಾಪಾರಿಗಳ ಮನೆಯ ಹೆಣ್ಣುಮಕ್ಕಳಿಗೂ ದೊರೆಯಿತು. ಚೀಜುಗಳು ಅಚ್ಚಾದ್ದರಿಂದ ಗುಟ್ಟಾಗಿ ಉಳಿಯಲಿಲ್ಲ. ಹಾಡುಗಾರನಿಗೆ ಸಂಬಳದ ಕೆಲಸ ಸಿಕ್ಕಿತು.

ಕಲಾವಿದರನ್ನು ರೂಪಿಸುವ ಕೆಲಸ ಮಾತ್ರ ಗುರುವಿನ ಮನೆಯಲ್ಲೇ ನಡೆಯಿತು. ಮಲ್ಲಿಕಾರ್ಜುನ ಮನಸೂರ (1910-1992) ಮಿರಜಿನಲ್ಲಿ ಬಾಲಕೃಷ್ಣಬುವಾ ಪರಂಪರೆಯ ನೀಲಕಂಠಬುವಾ ಆಲೂರಮಠರ ಬಳಿ ವರ್ಷಗಟ್ಟಲೆ ಕಲಿತರು. ನಂತರ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀಖಾನ್, ಬುರ್ಜೀಖಾನರ ತಾಲೀಮು ಪಡೆದರು. ಇದೇ ನೀಲಕಂಠಬುವಾ ಗದುಗಿನ ಪಂಚಾಕ್ಷರಿ ಗವಾಯಿಗಳಿಗೂ (1892-1944) ಹಿಂದುಸ್ತಾನಿ ಕಲಿಸಿದರು. ಯಾವ ಪದವಿಯೂ ಇಲ್ಲದ ಮನಸೂರರು ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ವಿಭಾಗದ ಮುಖ್ಯಸ್ಥರಾದದ್ದು ಎರಡು ಕ್ರಮಗಳು ಕೂಡಿದ ಬಗೆಯನ್ನು ತೋರಿಸುತ್ತದೆ: ಸಂಸ್ಥೆ ಹೊಸದು, ಅದರ ಅಧಿಕಾರ ಹಳೆಯ ತಾಲೀಮಿನದು.

ಶಾಲೆಯೊಳಗಿನಿಂದಲೇ ಬಂದ ದೊಡ್ಡ ಗಾಯಕರೂ ಇದ್ದಾರೆ. ಪಲೂಸ್ಕರರ ಶಿಷ್ಯ ಬಿ.ಆರ್. ದೇವಧರ ಕಾಲೇಜು ಓದಿ, ಪಾಶ್ಚಾತ್ಯ ಸಂಗೀತವನ್ನೂ ಅಭ್ಯಾಸ ಮಾಡಿ, 1925ರಲ್ಲಿ ಮುಂಬಯಿಯಲ್ಲಿ ಸಂಗೀತಶಾಲೆ ತೆರೆದರು. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ, ಅಂದರೆ ಕುಮಾರ ಗಂಧರ್ವ, ಬಾಲಕನಾಗಿ ಆ ಶಾಲೆ ಸೇರಿದರು. ದೇವಧರರು ಎಲ್ಲ ಘರಾಣೆಗಳ ಗವಾಯಿಗಳನ್ನೂ ಶಾಲೆಗೆ ಕರೆಸುತ್ತಿದ್ದರು. ಒಂದೇ ಮನೆಯ ಗಾಯಕಿಗೆ ಕಟ್ಟುಬೀಳದ ಕುಮಾರರ ಹಾಡಿಕೆಗೆ ಆ ತೆರೆದ ವಾತಾವರಣವೂ ಒಂದು ಕಾರಣ.

ಶಾಲೆ ಬಿಟ್ಟುಬಿಟ್ಟದ್ದೂ ಇದೆ. ಪಠ್ಯಪುಸ್ತಕಗಳು ಮರಾಠಿ, ಹಿಂದಿಯಲ್ಲಿದ್ದವು; ಕನ್ನಡದ ಹುಡುಗರು ನಾಗರಿ ಲಿಪಿಯಲ್ಲಿ ಸ್ವರ ಓದಿ ಬ್ರಜ ಭಾಷೆಯ ಬಂದಿಶು ಹಾಡಿದರು. ವಚನ, ದಾಸರ ಪದ, ತತ್ವಪದಗಳು ಕಚೇರಿಯ ಕೊನೆಗೆ ಬಂದವೇ ಹೊರತು ಪರೀಕ್ಷೆಯ ನಡುವಿಗೆ ಬರಲಿಲ್ಲ. ಹರದೇಶಿ-ನಾಗೇಶಿ, ಪಾರಿಜಾತದ ಧಾಟಿಗಳಿಗೆ ಸ್ವರಲಿಪಿ ಹಚ್ಚುವ ಕೆಲಸವನ್ನು ಸಂಗೀತಶಾಲೆ ಕೈಗೆತ್ತಿಕೊಳ್ಳಲಿಲ್ಲ.

ಡ್ರಾಯಿಂಗ್ ಮಾಸ್ತರರ ಆಗಮನ

ಚಿತ್ರಕಲೆಯ ಶಾಲೆಗೆ ಬೇರೆ ಹುಟ್ಟು. ಸರ್ ಜಮಶೇಟಜಿ ಜೀಜೀಭಾಯಿ ಕೊಟ್ಟ ಒಂದು ಲಕ್ಷ ರೂಪಾಯಿ ದೇಣಿಗೆಯಿಂದ 1857ರಲ್ಲಿ ಮುಂಬಯಿಯಲ್ಲಿ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಆರಂಭವಾಯಿತು. ಅದರ ಪ್ರಾಚಾರ್ಯರು, ಪಠ್ಯಕ್ರಮ, ಪ್ಲಾಸ್ಟರಿನ ಗ್ರೀಕ್ ಮೂರ್ತಿಗಳು ಎಲ್ಲವೂ ಇಂಗ್ಲೆಂಡಿನಿಂದ ಬಂದವು. ಲಾಕ್‌ವುಡ್ ಕಿಪ್ಲಿಂಗ್, ಜಾನ್ ಗ್ರಿಫಿತ್ಸ್ ಮೊದಲಾದ ಶಿಕ್ಷಕರು ದೇಶೀ ಕಸುಬುಗಳನ್ನು ಮೆಚ್ಚಿದವರೇ. ಗ್ರಿಫಿತ್ಸ್ ತಮ್ಮ ವಿದ್ಯಾರ್ಥಿಗಳಿಂದ ಅಜಂತಾದ ಭಿತ್ತಿಚಿತ್ರಗಳ ಪ್ರತಿ ಮಾಡಿಸಿದರು. ಆದರೆ ಅಲ್ಲಿ ಕಲಿಸಿದ್ದು ಯುರೋಪಿನ ವಾಸ್ತವ ಶೈಲಿ: ಎದುರಿಗಿನ ವಸ್ತುವನ್ನು ಬೆಳಕು ನೆರಳಿನೊಂದಿಗೆ, ದೂರ ಹೋದಂತೆ ಚಿಕ್ಕದಾಗುವ ಲೆಕ್ಕದಲ್ಲಿ, ತೈಲವರ್ಣ ಮತ್ತು ಜಲವರ್ಣದಲ್ಲಿ ಬಿಡಿಸುವುದು.

ಈ ಶಿಕ್ಷಣ ತಾಲೂಕಿನ ಊರುಗಳಿಗೆ ಎಲಿಮೆಂಟರಿ, ಇಂಟರ್‌ಮೀಡಿಯೇಟ್ ಎಂಬ ಡ್ರಾಯಿಂಗ್ ಗ್ರೇಡ್ ಪರೀಕ್ಷೆಗಳ ಮೂಲಕ ತಲುಪಿತು. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ ಕರಿಹಲಗೆಯ ಮೇಲೆ ಹೂಜಿ, ಡಬ್ಬಿ, ಎಲೆ, ಹೂಬಳ್ಳಿ ಬಿಡಿಸಿ ತೋರಿಸುತ್ತಿದ್ದರು. ಫ್ರೀಹ್ಯಾಂಡ್, ವಸ್ತುಚಿತ್ರ, ನೆನಪಿನ ಚಿತ್ರ, ರೇಖಾಗಣಿತ, ಅಕ್ಷರಬರಹ ಪರೀಕ್ಷೆಯ ವಿಷಯಗಳು. ಎರಡೂ ಗ್ರೇಡು ಮುಗಿಸಿದವನು ಮುಂಬಯಿಗೆ ಹೋಗಿ ಡ್ರಾಯಿಂಗ್ ಟೀಚರ್ ಅಥವಾ ಜಿ.ಡಿ. ಆರ್ಟ್ ಪದವಿ ಮಾಡಿಕೊಂಡು ಮರಳಿ ತಾನೂ ಮಾಸ್ತರನಾಗಬಹುದು. ಈ ಸರಪಳಿಯಲ್ಲಿ ಚಿತ್ರಗಾರ ಮನೆತನದವನಿಗೆ ಪ್ರತ್ಯೇಕ ಜಾಗವಿರಲಿಲ್ಲ. ಅವನ ಗೆರೆ ಪರೀಕ್ಷೆಯಲ್ಲಿ ತಪ್ಪು ಎನಿಸುತ್ತಿತ್ತು.

ಕೊಲ್ಹಾಪುರ ಈ ಹೊಸ ಚಿತ್ರಕಲೆಯ ಕೇಂದ್ರವಾಯಿತು. ಅಲ್ಲಿ ಹುಟ್ಟಿದ ಎಂ.ವಿ. ಧುರಂಧರ (1867-1944) ಜೆ.ಜೆ.ಯ ವಿದ್ಯಾರ್ಥಿಯಾಗಿ, ಅಲ್ಲಿಯೇ ಶಿಕ್ಷಕರಾಗಿ ನಾಲ್ಕು ದಶಕ ಕಳೆದರು. ಆಬಾಲಾಲ ರಹಿಮಾನ್ (ಮರಣ 1931) ಕೈಬರಹದ ಪ್ರತಿ ಮಾಡುವ ಮನೆತನದಿಂದ ಬಂದು ಜೆ.ಜೆ.ಯಲ್ಲಿ ಕಲಿತು ಕೊಲ್ಹಾಪುರದ ಶಾಹು ಮಹಾರಾಜರ ಆಸ್ಥಾನ ಚಿತ್ರಕಾರರಾದರು. ಪಾರ್ಸಿ-ಅರಬಿ ಲಿಪಿಯ ಅಲಂಕಾರದ ಪರಂಪರೆಯಿಂದ ರಂಕಾಳ ಕೆರೆಯ ಬೆಳಗು ಬೈಗಿನ ಜಲವರ್ಣಕ್ಕೆ ದಾಟಿದ ಅವರ ಬಾಳು ಒಂದೇ ತಲೆಮಾರಿನಲ್ಲಿ ಆದ ಪಲ್ಲಟವನ್ನು ತೋರಿಸುತ್ತದೆ.

ಶಾಲೆಯ ಮೆಟ್ಟಿಲು ಹತ್ತದವರೂ ಹೊಸ ಶೈಲಿಯನ್ನು ಹಿಡಿದರು. ಬಾಬುರಾವ್ ಪೇಂಟರ್ (1890-1954) ಮತ್ತು ಅವರ ಬಂಧು ಆನಂದರಾವ್ ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತ ಪರಿಣತರಾದರು. ಅರಮನೆ, ಕಾಡು, ಬೀದಿಯ ದೃಶ್ಯಗಳು ದೂರಕ್ಕೆ ಚಾಚಿದಂತೆ ಕಾಣುವ ಈ ಪರದೆಗಳ ಎದುರು ಪ್ರೇಕ್ಷಕರು ಬೆರಗಾದರು. ಹಳ್ಳಿಯ ಜನ ಪಾಶ್ಚಾತ್ಯ ಚಿತ್ರಕ್ರಮವನ್ನು ಮೊದಲು ಕಂಡದ್ದು ಕಂಪನಿ ನಾಟಕದ ಪರದೆಯ ಮೇಲೆ ಮತ್ತು ರಾಜಾ ರವಿವರ್ಮನ ಛಾಪಖಾನೆ 1894ರಿಂದ ಮುದ್ರಿಸಿದ ಲಕ್ಷ್ಮಿ, ಸರಸ್ವತಿಯರ ಪಟಗಳಲ್ಲಿ. ದೇವರಮನೆಗೆ ಈ ಪಟಗಳು ಬಂದ ಮೇಲೆ ಗೋಡೆಗೆ ಚಿತ್ರಗಾರನನ್ನು ಕರೆಸುವ ಅಗತ್ಯ ಕಡಿಮೆಯಾಯಿತು. ಬಾಬುರಾವ್ ಮುಂದೆ ಕೊಲ್ಹಾಪುರದಲ್ಲಿ ಮಹಾರಾಷ್ಟ್ರ ಫಿಲ್ಮ್ ಕಂಪನಿ ಕಟ್ಟಿ 1920ರಲ್ಲಿ ‘ಸೈರಂಧ್ರಿ’ ಮೂಕಚಿತ್ರ ತೆಗೆದರು.

ಕನ್ನಡಿಗರೂ ಜೆ.ಜೆ. ಮಾದರಿಯ ಶಾಲೆಗಳನ್ನು ಕಟ್ಟಿದರು. ಜಿ.ಎಸ್. ದಂಡಾವತಿಮಠ ಮುಂಬಯಿಯಲ್ಲಿ ನಡೆಸಿದ ನೂತನ ಕಲಾ ಮಂದಿರ ಕಲಬುರ್ಗಿಯ ಎಸ್.ಎಂ. ಪಂಡಿತರಂಥ ಕನ್ನಡ ಹುಡುಗರಿಗೆ ಆಸರೆಯಾಯಿತು. ಡಿ.ವಿ. ಹಾಲಭಾವಿ 1935ರಲ್ಲಿ ಧಾರವಾಡದಲ್ಲಿ ಸ್ಕೂಲ್ ಆಫ್ ಆರ್ಟ್ ತೆರೆದರು. ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿ ನಿಸರ್ಗ ಮತ್ತು ವ್ಯಕ್ತಿಚಿತ್ರಗಳ ವಾಸ್ತವ ಶೈಲಿಯನ್ನು ಕಲಿಸಿ ಒಂದು ಶಿಷ್ಯವರ್ಗವನ್ನೇ ಬೆಳೆಸಿದರು. ಪ್ರಸಿದ್ಧ ಚಿತ್ರಕಾರ ರವಿ ಪರಾಂಜಪೆ (1935-2022) ಅವರ ಶಿಷ್ಯರು. ಚಿಕ್ಕೋಡಿ, ಅಥಣಿಯ ಹೈಸ್ಕೂಲುಗಳಿಗೆ ಮಾಸ್ತರರು ಬಂದದ್ದು ಇಂಥ ಶಾಲೆಗಳಿಂದ.

ಇರಾನಿನ ನಿದರ್ಶನ

ಶಾಲೆ ಯಾರ ಕೈಯಲ್ಲಿದೆ ಎಂಬುದು ಎಷ್ಟು ಮುಖ್ಯ ಎಂದು ತಿಳಿಯಲು ಹೊರಗಿನ ಒಂದು ಹೋಲಿಕೆ ನೋಡಬಹುದು. ಇದೇ ಕಾಲದಲ್ಲಿ ಇರಾನಿನಲ್ಲಿಯೂ ಈ ಎರಡು ಕಲೆಗಳು ಪಾಶ್ಚಾತ್ಯ ಶಾಲೆಯನ್ನು ಎದುರುಗೊಂಡವು. 1851ರಲ್ಲಿ ತೆಹರಾನಿನಲ್ಲಿ ದಾರ್-ಉಲ್-ಫುನೂನ್ ಎಂಬ ಆಧುನಿಕ ವಿದ್ಯಾಲಯ ಆರಂಭವಾಯಿತು. 1868ರಲ್ಲಿ ಫ್ರಾನ್ಸಿನಿಂದ ಬಂದ ಆಲ್ಫ್ರೆಡ್ ಲೆಮೇರ್ ಸೇನೆಯ ಬ್ಯಾಂಡಿಗೆ ಯುರೋಪಿನ ಸ್ವರಲಿಪಿ ಕಲಿಸಿದ. ಪ್ಯಾರಿಸ್, ಬರ್ಲಿನ್‌ಗಳಲ್ಲಿ ಓದಿದ ಅಲಿ ನಕಿ ವಜೀರಿ 1920ರ ದಶಕದಲ್ಲಿ ಸ್ವಂತ ಸಂಗೀತಶಾಲೆ ತೆರೆದು, ಪರ್ಶಿಯನ್ ಸಂಗೀತದ ಸೂಕ್ಷ್ಮ ಸ್ವರಗಳಿಗಾಗಿ ‘ಕೊರೊನ್’, ‘ಸೊರಿ’ ಎಂಬ ಗುರುತುಗಳನ್ನು ಮಾಡಿ, ಸಪ್ತಕವನ್ನು 24 ಸಮಭಾಗಗಳಾಗಿ ಹಂಚಿದರು. ಚಿತ್ರಕಲೆಯಲ್ಲಿ ಕಮಾಲ್-ಉಲ್-ಮುಲ್ಕ್ ಯುರೋಪಿಗೆ ಹೋಗಿ ಬಂದು 1911ರಲ್ಲಿ ಸ್ಥಾಪಿಸಿದ ಲಲಿತಕಲಾ ಶಾಲೆ ವಾಸ್ತವ ಶೈಲಿಯ ತೈಲಚಿತ್ರಗಳನ್ನು ಪ್ರಚಾರ ಮಾಡಿತು. ಕಿರುಚಿತ್ರದ ಹಳೆಯ ಪರಂಪರೆ ಬದಿಗೆ ಸರಿದು, ಅದನ್ನು ಎತ್ತಿ ಹಿಡಿಯಲು 1930ರ ವೇಳೆಗೆ ಬೇರೆ ಶಾಲೆಯನ್ನೇ ತೆರೆಯಬೇಕಾಯಿತು.

ದೇವಲ್ ಮತ್ತು ಕ್ಲೆಮೆಂಟ್ಸ್ ಕೃಷ್ಣಾ ತೀರದಲ್ಲಿ ಮಾಡಲು ಹೊರಟದ್ದನ್ನು ವಜೀರಿ ತೆಹರಾನಿನಲ್ಲಿ ಮಾಡಿ ಮುಗಿಸಿದರು. ಇಲ್ಲಿ ಗವಾಯಿಗಳು ಒಪ್ಪದ ಅಳತೆ ಅಲ್ಲಿ ಯುರೋಪಿನಲ್ಲಿ ಕಲಿತ ಸಂಗೀತಗಾರನ ಕೈಯಿಂದ ಶಾಲೆಯ ಪಾಠವಾಯಿತು. ನಾಲ್ಕು ದಶಕಗಳ ನಂತರ, 1968ರಲ್ಲಿ, ಹಳೆಯ ಗುರುಗಳ ಪಾಠಕ್ರಮವನ್ನು ಉಳಿಸಲೆಂದೇ ತೆಹರಾನಿನಲ್ಲಿ ಒಂದು ಕೇಂದ್ರ ಸ್ಥಾಪನೆಯಾಯಿತು. ಚಿತ್ರಕಲೆಯ ವಿಷಯದಲ್ಲಿ ಎರಡೂ ನಾಡುಗಳ ಅನುಭವ ಒಂದೇ.

1956ರ ನಂತರ

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯ ಸೇರಿತು. ಮಿರಜ್, ಕೊಲ್ಹಾಪುರ, ಕುರುಂದವಾಡ, ಇಚಲಕರಂಜಿ ಗಡಿಯಾಚೆ ಉಳಿದವು. ಶಾಲೆಗಳಲ್ಲಿ ಮುಂಬಯಿಯ ಗ್ರೇಡ್ ಪರೀಕ್ಷೆಗಳ ಬದಲು ಮೈಸೂರು ಸರಕಾರದ ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗಳು ಬಂದವು. ಸಂಗೀತಕ್ಕೆ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ಬಂದವು. ಆದರೂ ಹಿಂದುಸ್ತಾನಿ ಕಲಿಯುವವರು ಮಿರಜಿನ ಮಂಡಲದ ಪರೀಕ್ಷೆಗಳನ್ನು ಬಿಡಲಿಲ್ಲ. ರಾಜ್ಯದ ಗಡಿ ಬದಲಾದರೂ ರಾಗದ ಪರೀಕ್ಷೆಯ ಊರು ಬದಲಾಗಲಿಲ್ಲ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಈ ಸೀಮೆಯ ಹಾಡುಗಾರರಿಗೆ ದರಬಾರಿನ ಜಾಗದಲ್ಲಿ ಹೊಸ ಆಶ್ರಯವಾಯಿತು.

ಒಟ್ಟಿನಲ್ಲಿ, ಸಂಗೀತದ ಶಾಲೆಗಳನ್ನು ಕಟ್ಟಿದವರಲ್ಲಿ ಹೆಚ್ಚಿನವರು ಗುರುವಿನ ಮನೆಯಲ್ಲಿ ಪಳಗಿದ ಗವಾಯಿಗಳು. ಪಾಶ್ಚಾತ್ಯ ಶಿಕ್ಷಣದಿಂದ ಯಾವುದನ್ನು ತೆಗೆದುಕೊಳ್ಳಬೇಕು, ಎಲ್ಲಿ ನಿಲ್ಲಬೇಕು ಎಂದು ನಿರ್ಧರಿಸಿದವರು ಅವರೇ. ಚಿತ್ರಕಲೆಯ ಶಾಲೆ ದೇಣಿಗೆಯಿಂದ ಹುಟ್ಟಿದರೂ ಅದನ್ನು ನಡೆಸಿದ್ದು ಸರಕಾರ, ಇಂಗ್ಲೆಂಡಿನಿಂದ ಬಂದವರು ಅದರ ಪಾಠ ಗೊತ್ತುಮಾಡಿದರು. ಚಿತ್ರಗಾರ, ಜೀನಗಾರರಲ್ಲಿ ಒಬ್ಬರಿಗೂ ಪಠ್ಯ ರೂಪಿಸುವ ಅಧಿಕಾರ ಸಿಗಲಿಲ್ಲ. ಧುರಂಧರ, ಆಬಾಲಾಲ, ಕೆ.ಬಿ. ಕುಲಕರ್ಣಿಯವರಂಥ ಸಮರ್ಥರನ್ನು ಆ ಶಿಕ್ಷಣ ಕೊಟ್ಟಿತು ನಿಜ. ಅದರ ಬೆಲೆಯಾಗಿ ವಾಡೆಯ ಗೋಡೆ, ಪಲ್ಲಕ್ಕಿ, ತೇರುಗಳ ಮೇಲಿನ ಗೆರೆಯ ಪರಂಪರೆ ವಾರಸುದಾರರಿಲ್ಲದೆ ಸೊರಗಿತು. ಒಂದು ಕಲೆಯನ್ನು ಶಾಲೆಗೆ ಸೇರಿಸುವಾಗ ಅದನ್ನು ಬಲ್ಲ ಕಸುಬುದಾರರ ಕೈಗೇ ಶಾಲೆಯನ್ನು ಕೊಡಬೇಕು ಎಂಬುದು ಈ ಸೀಮೆಯ ನೂರೈವತ್ತು ವರ್ಷಗಳ ಅನುಭವ ಹೇಳುವ ಮಾತು.